ಏಳನೆಯ ತೆಂಗಿನಕಾಯಿ

ನಾನು ಚಿಕ್ಕವಳಿದ್ದಾಗ ಕಾಪುವಿನ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಗುತ್ತಿದ್ದದ್ದು ಅಪ್ಪನ ಕ್ಯಾಮೆರಾಕ್ಕೆ. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗದಿದ್ದರೂ ನಡೆಯುತ್ತಿತ್ತು, ಅದಕ್ಕೆ ಮಾತ್ರ ತೇವ ತಾಗಬಾರದು. ಅಡುಗೆಮನೆಯ ಗೋಡೆಗೆ ತಾಗಿದ ಬೆಚ್ಚಗಿನ ಕಪಾಟಿನಲ್ಲಿ ಅದರ ವಾಸ.

ಅದು ಪೆಟ್ಟಿಗೆಯಂತಿದ್ದ ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣು ನೋಡಲಿಕ್ಕೆ, ಕೆಳಗಿನದು ಫೋಟೋ ತೆಗೆಯಲಿಕ್ಕೆ. ಅಪ್ಪ ತಲೆ ಬಗ್ಗಿಸಿ ಮೇಲಿನ ಮುಚ್ಚಳ ತೆರೆದರೆ ಒಳಗೊಂದು ಮಸುಕು ಗಾಜು. ಮೇಲಿನ ಕಣ್ಣಿನಿಂದ ಬಂದ ಚಿತ್ರ, ಒಳಗಿನ ಕನ್ನಡಿಗೆ ಬಡಿದು ಆ ಗಾಜಿನಲ್ಲಿ ಮೂಡುತ್ತಿತ್ತು. ಪಕ್ಕದ ಗುಂಡಿ ತಿರುಗಿಸಿದಂತೆ ಎರಡೂ ಕಣ್ಣು ಒಟ್ಟಿಗೆ ಹಿಂದೆ ಮುಂದೆ ಸರಿಯುತ್ತಿದ್ದವು. ಗಾಜಿನಲ್ಲಿ ಮುಖ ಸ್ಪಷ್ಟವಾದರೆ ಫಿಲ್ಮಿನಲ್ಲೂ ಸ್ಪಷ್ಟ. ಒಂದು ರೋಲಿಗೆ ಹನ್ನೆರಡೇ ಫೋಟೋ. ಹಾಗಾಗಿ ಮನೆಯವರಿಗಾಗಿ ಅಪ್ಪ ಒಂದನ್ನೂ ಖರ್ಚು ಮಾಡಿದವರಲ್ಲ!

ಆ ವರ್ಷ ಮಳೆ ಬಿಟ್ಟ ಮೇಲೆ ವಿಚಿತ್ರ ಶುರುವಾಯಿತು. ಕಾರ್ಕಳದಲ್ಲಿ ಅಪ್ಪ ತೆಗೆದ ಒಂದು ಮದುವೆಯ ಫೋಟೋದಲ್ಲಿ ಮದುಮಕ್ಕಳ ಮುಖ ಗಂಜಿಯ ಹಬೆಯಾಚೆ ಇದ್ದಂತೆ ಮಂಜುಮಂಜಾಗಿತ್ತು. ಹಿಂದಿನ ಗೋಡೆಯ ಗಡಿಯಾರದಲ್ಲಿ ಮಾತ್ರ ಗಂಟೆ ಹನ್ನೊಂದು ಇಪ್ಪತ್ತೆಂದು ಚೆನ್ನಾಗಿ ಓದಬಹುದಿತ್ತು. ಎರ್ಮಾಳಿನಲ್ಲಿ ತೆಗೆದ ಫೋಟೋದಲ್ಲಿ ಮಗು ಮಸುಕು, ಅದರ ಹಿಂದೆ ಒಣಗಲು ಹಾಕಿದ್ದ ಬಲೆಯ ಗಂಟುಗಳೆಲ್ಲ ಸ್ಪಷ್ಟ. ಮದುಮಗಳ ತಂದೆ ಫೋಟೋ ಹಿಂದೆ ಕೊಡುತ್ತಾ, "ನಿಮಗೆ ಕಣ್ಣು ಮಂಜಾಗ್ತಾ ಉಂಟಾ ಎಂತ?" ಎಂದು ಕೇಳಿದರಂತೆ. ಬೈದಿದ್ದರೆ ಅಪ್ಪ ಮರೆತುಬಿಡುತ್ತಿದ್ದರು. ಕನಿಕರದಿಂದ ಕೇಳಿದ್ದು ಅವರ ಮನಸ್ಸಿಗೆ ನಾಟಿತು.

ಅಂದಿನಿಂದ ಅಪ್ಪ ಸಂಜೆ ಕಡಲತೀರಕ್ಕೆ ಹೋಗಿ, ಒಂದೊಂದೇ ಕಣ್ಣು ಮುಚ್ಚಿ ದೀಪಸ್ತಂಭವನ್ನು ನೋಡುತ್ತಾ ನಿಲ್ಲುತ್ತಿದ್ದರು. ಊಟವೂ ಸರಿಯಾಗಿ ಸೇರುತ್ತಿರಲಿಲ್ಲ. ಕೊನೆಗೊಂದು ದಿನ, "ಸೋಮವಾರ ಉಡುಪಿಗೆ ಹೋಗಿ ಈ ಕ್ಯಾಮೆರಾವನ್ನು ಯಾರಿಗಾದ್ರೂ ಕೊಟ್ಟು ಬರ್ತೇನೆ. ಇನ್ನು ನನ್ನಿಂದ ಆಗುವುದಿಲ್ಲ" ಎಂದುಬಿಟ್ಟರು.

ಆದರೆ ನನ್ನ ಹೊಟ್ಟೆಯೊಳಗೆ ಒಂದು ಗುಟ್ಟಿತ್ತು. ಮಳೆಗಾಲದಲ್ಲಿ ಅಪ್ಪ ಜ್ವರದಿಂದ ಮಲಗಿದ್ದಾಗ ಆ ಮಸುಕು ಗಾಜಿಗೆ ಬೂಷ್ಟು ಹಿಡಿದಿತ್ತು. ಅಪ್ಪನಿಗೆ ಖುಷಿಯಾಗಲಿ ಎಂದು ನಾನು ಅದನ್ನು ಅಕ್ಕನ ತಲೆಪಿನ್ನಿನಿಂದ ಎಬ್ಬಿಸಿ, ಒರೆಸಿ, ಮತ್ತೆ ಕೂರಿಸಿದ್ದೆ. ಗಾಜಿನ ಒಂದು ಬದಿ ನುಣುಪು, ಇನ್ನೊಂದು ದೊರಗು. ಯಾವುದು ಮೇಲಿತ್ತೆಂದು ಮರೆತೇಹೋಗಿತ್ತು. ಹೊಳೆಯುವ ಬದಿ ಕನ್ನಡಿಯ ಕಡೆಗೇ ಇರಬೇಕೆಂದು ಮಹಾ ಪಂಡಿತಳಂತೆ ನಾನೇ ತೀರ್ಮಾನಿಸಿದ್ದೆ. ಈಗ ಹೇಳಿದರೆ ಬೆನ್ನಿಗೆ ಪೆಟ್ಟು ಬೀಳುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ.

ಅಕ್ಕ ಆಗ ಹೈಸ್ಕೂಲಿನಲ್ಲಿದ್ದಳು. ವಿಜ್ಞಾನವೆಂದರೆ ಅವಳಿಗೆ ಪ್ರಾಣ, ಹಟವೂ ಅಷ್ಟೇ. "ಕೊಡುವ ಮೊದಲು ಒಂದು ಪರೀಕ್ಷೆ ಮಾಡುವ ಅಪ್ಪ" ಎಂದು ಹಿಡಿದ ಪಟ್ಟು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಅಡಿಗೊಂದರಂತೆ ಏಳು ತೆಂಗಿನಕಾಯಿಗಳನ್ನು ಓರೆಯಾಗಿ ಸಾಲಿಟ್ಟು, ಸುಣ್ಣದಲ್ಲಿ ಒಂದರಿಂದ ಏಳರವರೆಗೆ ಅಂಕೆ ಬರೆದಳು. ಯಾವ ಕಾಯಿಯ ಜುಟ್ಟಿನ ನಾರು ಎಳೆಎಳೆಯಾಗಿ ಕಾಣುತ್ತದೋ ಅಲ್ಲಿಗೆ ಫೋಕಸ್ ಬಿದ್ದಿದೆ ಎಂದರ್ಥ. ಅಪ್ಪ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ನಾಲ್ಕನೆಯ ಕಾಯಿಗೆ ಫೋಕಸ್ ಮಾಡಿ ಎರಡು ಫೋಟೋ ತೆಗೆದರು. ಅಕ್ಕನೂ ನಾಲ್ಕಕ್ಕೇ ಫೋಕಸ್ ಮಾಡಿ ಎರಡು ತೆಗೆದಳು. ನಾನು ಕ್ಯಾಮೆರಾದ ಹತ್ತಿರ ಸುಳಿಯದೆ, ಸಾಲಿನ ಆಚೆ ತುದಿಯಲ್ಲಿ ಏಳನೆಯ ಕಾಯಿಯ ಪಕ್ಕದ ಚಾವಡಿಯ ಕಂಬವನ್ನು ತಬ್ಬಿಕೊಂಡು ನಿಂತಿದ್ದೆ.

ಮಧ್ಯಾಹ್ನ ಅಪ್ಪ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಹಗ್ಗಕ್ಕೆ ತೂಗುಹಾಕಿದರು. ಮನೆಯಿಡೀ ಮದ್ದಿನ ಹುಳಿ ವಾಸನೆ. ಒಣಗಿದ ಮೇಲೆ ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ನಾಲ್ಕೂ ಫೋಟೋಗಳಲ್ಲಿ ನಾಲ್ಕನೆಯ ಕಾಯಿ ಮಸುಕು, ಏಳನೆಯದು ಸ್ಪಷ್ಟ.

"ನಿಮ್ಮ ಕಣ್ಣು ಕೆಟ್ಟಿದ್ರೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ಆಗ್ಬೇಕಿತ್ತು, ಅಲ್ವಾ? ನಾಲ್ಕು ಸಲವೂ ಏಳಕ್ಕೇ ಬಿದ್ದಿದೆ. ನಾನು ತೆಗೆದದ್ದೂ ಹಾಗೆಯೇ ಉಂಟು. ಕೆಟ್ಟದ್ದು ಕಣ್ಣಲ್ಲ ಅಪ್ಪ, ಕ್ಯಾಮೆರಾ!"

ಅಪ್ಪ ಫಿಲ್ಮನ್ನು ತಾವೇ ಬೆಳಕಿಗೆ ಹಿಡಿದು ನೋಡಿದರು. ಮತ್ತೆ, "ಮಳೆಗಾಲಕ್ಕೆ ಮೊದಲು ಸರಿ ಇತ್ತಲ್ಲ, ಎಂತ ಆಯ್ತು ಇದಕ್ಕೆ?" ಎಂದರು. ನನಗೆ ತಡೆಯಲಾಗಲಿಲ್ಲ. ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟೆ.

ಅಪ್ಪ ಗಾಜನ್ನು ಎಬ್ಬಿಸಿ ಬೆರಳಿನಿಂದ ಸವರಿ ನೋಡಿದರು. ಚಿತ್ರ ಮೂಡುವುದು ದೊರಗು ಬದಿಯಲ್ಲಿ, ಅದು ಕೆಳಗೆ ಕನ್ನಡಿಯ ಕಡೆಗಿರಬೇಕಿತ್ತು. ನಾನು ಮಗುಚಿ ಹಾಕಿದ್ದರಿಂದ ಅದು ಗಾಜಿನ ದಪ್ಪದಷ್ಟು ಮೇಲೇರಿತ್ತು. ಅಷ್ಟಕ್ಕೇ ಮೂರು ಅಡಿ ತಪ್ಪು! ನಾನು ಪೆಟ್ಟಿಗಾಗಿ ಕಣ್ಣು ಮುಚ್ಚಿ ಕಾದೆ. ಅಪ್ಪ ನನ್ನ ತಲೆ ಸವರಿ, "ಮೊದಲೇ ಹೇಳಬಾರದಿತ್ತಾ ಮಾರಾಯ್ತಿ? ಕುರುಡನಾಗ್ತೇನೆ ಅಂತ ಹೆದರಿ ಹೋಗಿದ್ದೆ" ಎಂದರು. ಅಪ್ಪನಿಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತಾದದ್ದು ಅಂದೇ. ಪೆಟ್ಟು ತಿಂದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಪ್ಪ ಉಡುಪಿಗೆ ಹೋಗಲಿಲ್ಲ. ಕಾರ್ಕಳಕ್ಕೆ ಹೋಗಿ, ಮದುಮಕ್ಕಳಿಗೆ ಮತ್ತೊಮ್ಮೆ ಮದುವೆಯ ಬಟ್ಟೆ ಉಡಿಸಿ ಫೋಟೋ ತೆಗೆದು ಬಂದರು.

ಈಗ ನೀವು ಫೋನ್ ಎತ್ತಿದರೆ ಸಾಕು, ಅದು ತಾನಾಗಿಯೇ ಮುಖ ಹುಡುಕಿ ಚೌಕ ಬರೆಯುತ್ತದೆ. ಒಂದು ದೋಸೆಗೆ ಹತ್ತು ಫೋಟೋ ತೆಗೆದು ಒಂಬತ್ತನ್ನು ಅಳಿಸುತ್ತೀರಿ. ಮೊನ್ನೆ, "ಅಜ್ಜಿ, ನಿಮ್ಮ ಚಿಕ್ಕಂದಿನ ಫೋಟೋ ತೋರಿಸಿ" ಎಂದಿರಲ್ಲ, ನಾನು ತೋರಿಸಿದ್ದು ಆ ಭಾನುವಾರದ್ದೇ. ನನ್ನ ಬಾಲ್ಯದ್ದೆಂದು ಇರುವುದು ಅದೊಂದೇ. ನಡುವೆ ಮಸುಕಾದ ತೆಂಗಿನಕಾಯಿ, ಹಿಂದೆ ಕಂಬ ತಬ್ಬಿದ ಸಣಕಲು ಹುಡುಗಿ. ಅವಳ ಫ್ರಾಕಿನ ಹೊಲಿಗೆ, ಕೆದರಿದ ಕೂದಲು, ಕಳ್ಳ ಮುಖ, ಎಲ್ಲವೂ ಸ್ಪಷ್ಟ.

"ಫೋಕಸ್ ತಪ್ಪಿದೆ ಅಜ್ಜಿ, ಫೋನಿನಲ್ಲಿ ಸರಿ ಮಾಡಿಕೊಡಲಾ?" ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಬೇಡ ಮಕ್ಕಳೇ, ಅದು ಹಾಗೆಯೇ ಇರಲಿ. ಅಂದು ಫೋಕಸ್ ಸರಿಯಾಗಿ ಬಿದ್ದಿದ್ದರೆ ತೆಂಗಿನಕಾಯಿ ಚೆನ್ನಾಗಿ ಬರುತ್ತಿತ್ತು, ನಾನು ಕಾಣುತ್ತಿರಲಿಲ್ಲ.