ಪುಟ್ಟಿಯ ಕೆಳಗಿನ ಆರನೆಯ ಗೆರೆ

ಬೆಳಗಿನ ಆರೂ ಮುಕ್ಕಾಲು. ರಾಯಬಾಗದ ಬಸ್ ನಿಲ್ದಾಣದ ಹಿಂದೆ, ತಗಡಿನ ಮಾಡಿನ ಕೆಳಗೆ, ಮಾಯಪ್ಪ ಒಂದು ಹಳೆಯ ಸಾಗವಾನಿ ಕಪಾಟಿನ ಪಕ್ಕದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಒರೆಸಿ, ಮಂಡಿಯೂರಿ, ಕೆನ್ನೆ ತಾಗುವಷ್ಟು ಹತ್ತಿರದಿಂದ ಮರವನ್ನು ನೋಡುತ್ತಾರೆ. ಬಿಸಿಲು ಈ ಹೊತ್ತಿನಲ್ಲಿ ಮಾತ್ರ ಹಲಗೆಯ ಮೇಲೆ ಓರೆಯಾಗಿ ಬೀಳುತ್ತದೆ. ನೀರು ಕುಡಿದ ಮರ ಕಪ್ಪಾಗುತ್ತದೆ. ಮರದ ಬಿರುಕು ತುಂಬುವ ಪುಟ್ಟಿ ನೀರು ಕುಡಿಯುವುದಿಲ್ಲ, ಬಿಳಿಯಾಗಿಯೇ ಉಳಿಯುತ್ತದೆ. ಕಪ್ಪಿನ ನಡುವೆ ಬಿಳಿ ಕಾಣಬೇಕು. ಅರ್ಧ ಗಂಟೆ ಕಳೆದು ಬಿಸಿಲು ಏರಿದರೆ ಆ ದಿನದ ಹುಡುಕಾಟ ಮುಗಿದಂತೆ.

ಅವರು ಹುಡುಕುತ್ತಿರುವುದು ಒಂದು ಗೆರೆಯನ್ನು. ಅದನ್ನು ಇಪ್ಪತ್ತಮೂರು ವರ್ಷಗಳ ಹಿಂದೆ ಮುಚ್ಚಿದವರೂ ಅವರೇ.

ಮಾಯಪ್ಪನಿಗೆ ಈಗ ಐವತ್ತೆಂಟು. ತಂದೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದರು. ಮಗನೂ ಏಳು ಹಂಗಾಮು ಕಬ್ಬಿನ ಕತ್ತಿ ಕೊಯ್ತಾ ಹಿಡಿದು, ಬೆನ್ನು ಸೋತ ಮೇಲೆ ಬಾಳಾಸಾಬ ಎಂಬ ಪೇಂಟರನ ಬಳಿ ಸೇರಿದರು. ಮೂವತ್ತನಾಲ್ಕು ವರ್ಷಗಳಿಂದ ಅವರ ಕಸುಬು ಒಂದೇ: ಹಳೆಯ ಮಂಚ, ತೊಟ್ಟಿಲು, ಪೆಟ್ಟಿಗೆ, ಕಪಾಟುಗಳ ಸವೆದ ಬಣ್ಣ ಕೆರೆದು, ಬಿರುಕು ತುಂಬಿ, ಹೊಸ ಬಣ್ಣ ಹಚ್ಚುವುದು. ಭೋಜದಿಂದ ಪಾಲಬಾವಿಯವರೆಗೆ ಎಷ್ಟೋ ಮನೆಗಳಲ್ಲಿ ಅವರ ಕೆಲಸವಿದೆ, ಯಾವುದರ ಮೇಲೂ ಅವರ ಹೆಸರಿಲ್ಲ. ಮರದ ಧೂಳಿನಿಂದ ಹತ್ತಿದ ಕೆಮ್ಮು ಬಿಟ್ಟಿಲ್ಲ. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ.

ದಿನಕ್ಕೆ ಹತ್ತು ಚದರ ಅಡಿ ಕೆರೆಯುವುದು ಅವರ ವೇಗ. ಈ ಕಪಾಟು ಆರು ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳ; ತಳ ಬಿಟ್ಟು ಹೊರಮೈ ಐವತ್ತೆಂಟೂವರೆ ಚದರ ಅಡಿ. ಆರು ದಿನದ ಕೆಲಸ. ಆದರೆ ಒಂಬತ್ತು ಚದರ ಅಡಿಯ ಈ ಒಂದೇ ಹಲಗೆ ಐದು ದಿನಗಳನ್ನು ತಿಂದಿದೆ.

ಕಪಾಟು ಪಾಲಬಾವಿಯ ತಾರವ್ವನದು. ಆಕೆಯ ಗಂಡ ಜಕ್ಕಪ್ಪ ಕುರಿಗಾರ. ಭೋಜದ ಒಬ್ಬ ಹೊಲದೊಡೆಯ, ತನ್ನ ಹೊಲದಲ್ಲಿ ಗೊಬ್ಬರಕ್ಕಾಗಿ ಅವನು ರಾತ್ರಿ ಕುರಿ ತರುಬಿ ನಿಲ್ಲಿಸಿದ್ದಕ್ಕೆ ಪ್ರತಿಯಾಗಿ ಇದನ್ನು ಕೊಟ್ಟಿದ್ದ. ಜಕ್ಕಪ್ಪ ವರ್ಷದಲ್ಲಿ ಆರು ತಿಂಗಳು ಹಿಂಡಿನೊಡನೆ ಊರೂರು ತಿರುಗುತ್ತಿದ್ದ. ಮರಳಿದ ದಿನವೇ ಹಿರಿಯ ಮಗ ಬೀರದೇವನನ್ನು ಈ ಹಲಗೆಗೆ ಆನಿಸಿ ನಿಲ್ಲಿಸಿ, ಉಣ್ಣೆ ಕತ್ತರಿಸುವ ಕತ್ತರಿಯ ತುದಿಯಿಂದ ತಲೆಯ ಮಟ್ಟಕ್ಕೆ ಒಂದು ಗೆರೆ ಕೊರೆಯುತ್ತಿದ್ದ. ತಾನಿಲ್ಲದ ದಿನಗಳಲ್ಲಿ ಮಗ ಎಷ್ಟು ಬೆಳೆದ ಎಂಬುದನ್ನು ತಿಳಿಯಲು ಅವನಿಗೆ ಬೇರೆ ದಾರಿ ಇರಲಿಲ್ಲ. ಎರಡನೆಯ ವಯಸ್ಸಿನಿಂದ ಏಳರವರೆಗೆ ಆರು ಗೆರೆ. ಏಳನೆಯ ಗೆರೆ ಇಲ್ಲ. ಬೀರದೇವ ಜ್ವರದಲ್ಲಿ ತೀರಿಕೊಂಡು ನಲವತ್ತನಾಲ್ಕು ವರ್ಷವಾಯಿತು. ಅವನ ಫೋಟೊ ಒಂದೂ ಇಲ್ಲ.

ಅನಂತರ ಹುಟ್ಟಿದ ಮಗ ಉತ್ತಮ ತನ್ನ ಮದುವೆಗೆಂದು ಕಪಾಟನ್ನು ಮಾಯಪ್ಪನ ಬಳಿ ತಂದಾಗ ತಂದೆ ಬದುಕಿರಲಿಲ್ಲ, ತಾಯಿ ಕುರಿಗಳೊಡನೆ ಹೊರಗಿದ್ದಳು.

"ಯಾರೋ ಕತ್ತರಿ ಆಡಿಸಿ ಮರಾ ಕೆಡಸ್ಯಾರ ಅಂತ ತಿಳಕೊಂಡೆನ್ರಿ" ಎನ್ನುತ್ತಾರೆ ಮಾಯಪ್ಪ. "ಒಂದೂ ಬಿಡದಂಗ ತುಂಬಿ, ತಿಕ್ಕಿ, ಮ್ಯಾಲ ಹಸರ ಬಣ್ಣಾ ಹೊಡದೆ. ಉತ್ತಮ ಕೈ ಆಡಿಸಿ ನೋಡಿ, ಕನ್ನಡಿ ಆಗೇತಿ ಕಾಕಾ ಅಂದಿದ್ದ. ಆವತ್ತ ಖುಷಿ ಆಗಿತ್ರಿ."

ಪುಟ್ಟಿ ಕಲಸಿದ್ದು ಹೆಂಡತಿ ಸಕ್ಕುಬಾಯಿ. ಖಡು, ಅಂದರೆ ಸೀಮೆಸುಣ್ಣದ ಪುಡಿಗೆ ಅಗಸಿ ಎಣ್ಣೆ ಬೆರೆಸಿ ಒಂದು ತಾಸು ನಾದುವುದು ಆಕೆಯ ಕ್ರಮ. "ಈಕೀ ಪುಟ್ಟಿ ಕಲ್ಲ ಆಗತೈತ್ರಿ, ಬಿಡೂದs ಇಲ್ಲ" ಎಂದು ಗಂಡ ಗೊಣಗಿದರೆ, ಚಹಾ ತಂದ ಸಕ್ಕುಬಾಯಿ ಬಿಡುವುದಿಲ್ಲ: "ಅಲ್ರೀ, ಇಪ್ಪತ್ತ ವರ್ಸ ಊರ ತುಂಬ ನನ್ನ ಪುಟ್ಟಿ ಹೊಗಳಕೋತ ಬಂದ್ರಿ. ಈಗ ನನ್ನ ಮ್ಯಾಲ ಹಾಕ್ತೀರೇನ?"

ಮರಳಿ ಬಂದ ತಾರವ್ವ ಅಂದು ಏನೂ ಹೇಳಲಿಲ್ಲ. "ಮಗಾ ಖುಷೀಲೆ ಬಣ್ಣಾ ಹಚ್ಚಿಸ್ಯಾನ. ಮದವಿ ಮನ್ಯಾಗ ಏನಂತ ಅಳಲಿ?" ಎಂದು ಇಂದು ಕೇಳುತ್ತಾಳೆ. ಈಗ ಆಕೆಗೆ ಎಪ್ಪತ್ತೆರಡು. ಕಣ್ಣು ಮಂಜಾಗುತ್ತಿದೆ, ಮತ್ತೆ ತಿಳಿಯಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಆಗ ಆಕೆ ಮಗನಿಗೆ ಹೇಳಿದ್ದು ಒಂದೇ ಮಾತು: ಕಣ್ಣು ಹೋದ ಮೇಲೆ ಬೆರಳಿಗಾದರೂ ಅವನು ಸಿಗಬೇಕು, ಆ ಗೆರೆಗಳನ್ನು ತೆರೆಸು.

ಐದು ಗೆರೆ ಸಿಕ್ಕಿವೆ. ಸಕ್ಕುಬಾಯಿ ಕೌದಿ ಹೊಲಿಯುವ ದಬ್ಬಣದ ಮೊನೆಯಿಂದ ಪುಟ್ಟಿಯನ್ನು ಕಣಕಣವಾಗಿ ಎಬ್ಬಿಸಿ, ಮರಕ್ಕೆ ಮೊನೆ ತಾಗದಂತೆ ಮಾಯಪ್ಪ ಅವನ್ನು ತೆರೆದಿದ್ದಾರೆ. ನೆಲದಿಂದ ಎರಡು ಅಡಿ ಎಂಟು ಇಂಚು. ಎರಡು ಅಡಿ ಹನ್ನೊಂದು. ಮೂರು ಅಡಿ ಎರಡು. ಮೂರು ಅಡಿ ನಾಲ್ಕೂವರೆ. ಮೂರು ಅಡಿ ಏಳು. ವರ್ಷಕ್ಕೆ ಎರಡೂವರೆಯಿಂದ ಮೂರು ಇಂಚು. ಲೆಕ್ಕದಂತೆ ಆರನೆಯದು ಮೂರು ಅಡಿ ಒಂಬತ್ತೂವರೆಯ ಆಚೀಚೆ ಇರಬೇಕು. ಎರಡು ದಿನಗಳಿಂದ ಅಲ್ಲಿ ಹುಡುಕಿದರೂ ಕಪ್ಪು ಮರವೇ ಕಾಣುತ್ತಿದೆ.

ಏಳಕ್ಕೆ ಮೊದಲ ಬಸ್ಸಿನಲ್ಲಿ ತಾಯಿ-ಮಗ ಬರುತ್ತಾರೆ. ತಾರವ್ವ ಸಕ್ಕುಬಾಯಿಯ ಕೈ ಹಿಡಿದು ಕಟ್ಟೆಯ ಮೇಲೆ ಕೂರುತ್ತಾಳೆ. ಉತ್ತಮ ಮಾಯಪ್ಪನ ಪಕ್ಕಕ್ಕೆ ಬಂದು ದನಿ ತಗ್ಗಿಸುತ್ತಾನೆ: "ಲೆಕ್ಕಾ ಹಾಕಿ ಅಲ್ಲೇ ಒಂದ ಗೆರಿ ಹೊಡದಬಿಡ್ರಿ ಕಾಕಾ. ಅವ್ವಗ ಏನ ತಿಳೀತೈತಿ?"

"ನಿಮ್ಮವ್ವಗ ತಿಳಿಯೂದಿಲ್ಲ, ಖರೆ. ನನಗ ತಿಳೀತೈತಲ್ಲೋ. ನಾ ಕೊರದ್ರ ಅದು ನನ್ನ ಗೆರಿ ಆಗತೈತಿ, ನಿಮ್ಮಪ್ಪಂದ ಅಲ್ಲ."

ಕಣ್ಣು ಮಂಜಾದರೂ ತಾರವ್ವನ ಕಿವಿ ಚುರುಕು. "ಎಲ್ಲಿ ಹುಡಕಾಕತ್ತಿ, ತಮ್ಮಾ?"

"ಮ್ಯಾಲ, ಯವ್ವಾ. ಎರಡೂವರಿ ಇಂಚ ಮ್ಯಾಲ."

"ಮ್ಯಾಲ ಯಾಕ ಹುಡಕತಿ? ಆ ವರ್ಸ ಅಂವ ಬೆಳೀಲೇ ಇಲ್ಲ. ಆರ ತಿಂಗಳ ಹಾಸಿಗ್ಯಾಗ ಇದ್ದ. ಕತ್ತರಿ ತಪ್ಪೇತಿ ಅಂತ ಅವರಪ್ಪ ಎರಡ ಸಲ ನಿಲ್ಲಿಸಿ ನೋಡಿದ್ರು."

ಮಾಯಪ್ಪ ಐದನೆಯ ಗೆರೆಯ ಸುತ್ತ ಮತ್ತೊಮ್ಮೆ ನೀರು ಒರೆಸುತ್ತಾರೆ. ಅಲ್ಲಿ ಪುಟ್ಟಿ ಬೇರೆಡೆಗಿಂತ ಅಗಲವಾಗಿತ್ತು. ಕತ್ತರಿ ಜಾರಿರಬೇಕೆಂದು ಅವರು ಕೆಳಗಿನ ಅಂಚನ್ನಷ್ಟೇ ತೆರೆದು ಬಿಟ್ಟಿದ್ದರು. ಈಗ ಮೇಲಂಚಿಗೆ ದಬ್ಬಣ ಹಚ್ಚುತ್ತಾರೆ. ಬಿಳಿ ಪುಡಿ ಉದುರುತ್ತದೆ. ನಲವತ್ತು ನಿಮಿಷಗಳ ಬಳಿಕ ಎರಡು ಗೆರೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ನಡುವಿನ ಅಂತರ ಕಾಲು ಇಂಚು.

ತಾರವ್ವ ಬೆರಳನ್ನು ಕೆಳಗಿನ ಗೆರೆಯಿಂದ ಮೇಲಕ್ಕೆ ಒಯ್ಯುತ್ತಾಳೆ. ಆರನೆಯದರ ಮೇಲೆ ಅಂಗೈ ಇಡುತ್ತಾಳೆ, ಎದುರಿಗೆ ನಿಂತ ಮಗುವಿನ ತಲೆಯ ಮೇಲೆ ಇಡುವಂತೆ. ಉತ್ತಮ ಆಚೆ ಮುಖ ಮಾಡಿ ನಿಲ್ಲುತ್ತಾನೆ.

ಉಳಿದ ನಲವತ್ತೊಂಬತ್ತೂವರೆ ಚದರ ಅಡಿಗೆ ಮಾಯಪ್ಪ ಹಸಿರು ಬಣ್ಣ ಹಚ್ಚಲಿದ್ದಾರೆ. ಈ ಹಲಗೆಗೆ ಅಗಸಿ ಎಣ್ಣೆಯಷ್ಟೇ. ಮುಂದೆ ಯಾವ ಪೇಂಟರನ ಕೈಗೆ ಹೋದರೂ ಇಲ್ಲಿ ಪುಟ್ಟಿ ತುಂಬಬಾರದು. ಅವರ ಬಯಕೆ ಇಷ್ಟೇ. ದಬ್ಬಣವನ್ನು ಒರೆಸಿ ಸಕ್ಕುಬಾಯಿಯ ಕೈಗೆ ಕೊಡುತ್ತ ಹೇಳುತ್ತಾರೆ:

"ಮೂವತ್ತನಾಕ ವರ್ಸದಾಗ ಮುಚ್ಚಿದ್ದು ಭಾಳ ಐತಿ. ತೆರದದ್ದು ಈ ಆರ ಗೆರಿ."