ದೊಡ್ಡಹನುಮಯ್ಯನವರ ಬೆಳಗಿನ ಟೆಸ್ಟಿಂಗ್

ದೊಡ್ಡಹನುಮಯ್ಯನವರ ಮೇಲೆ ನಾನು ಕೂಗಾಡಿದ್ದು ಒಂದೇ ಸಲ. ನನ್ನ ಬಾಯಿಯ ಪರಿಚಯ ಇದ್ದವರಿಗೆ ಇದೇ ದೊಡ್ಡ ಸುದ್ದಿ. ಆ ಒಂದು ಸಲವನ್ನೂ ವಾಪಸ್ ತೆಗೆದುಕೊಳ್ಳುವಂತಿದ್ದರೆ ಇವತ್ತೇ ತೆಗೆದುಕೊಳ್ಳುತ್ತಿದ್ದೆ.

ಅದು ಎರಡು ಸಾವಿರದ ಆರನೇ ಇಸವಿ. ಬಸವೇಶ್ವರನಗರದಲ್ಲಿ ದಿನಸಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾನು ಟೈಪಿಂಗ್ ಕೇಂದ್ರ ನಡೆಸುತ್ತಿದ್ದೆ. ಅಮೆರಿಕದ ಡಾಕ್ಟರುಗಳು ರೋಗಿಗಳನ್ನು ನೋಡಿದ ಮೇಲೆ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪು ಮಾಡಿ ಕಳಿಸುವ ಕೆಲಸ. ಆ ಧ್ವನಿಯ ಫೈಲುಗಳೆಲ್ಲ ಪುಣೆಯ ಒಂದು ಕಂಪನಿಯಿಂದ ಬರುತ್ತಿದ್ದವು. ಆ ಕಂಪನಿ ಕೈಬಿಟ್ಟರೆ ನಾನೂ ನನ್ನ ಒಂಬತ್ತು ಜನ ಹುಡುಗಿಯರೂ ಮನೆಗೆ ಹೋಗಬೇಕಾಗಿತ್ತು.

ನಮ್ಮ ಇಂಟರ್ನೆಟ್ಟಿನ ಯೋಗಕ್ಷೇಮ ಪೂರ್ತಿ ದೊಡ್ಡಹನುಮಯ್ಯನವರದು. ಲಗ್ಗೆರೆಯವರು, ಐವತ್ತೇಳು ವಯಸ್ಸು. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಇಪ್ಪತ್ತೆಂಟು ವರ್ಷ ಕಂಬ ಹತ್ತಿದವರು. ಮಂಡಿ ಕೈಕೊಟ್ಟಿತೆಂದು ಕೆಲಸ ಬಿಟ್ಟರು, ಮನೆಯಲ್ಲಿ ಕೂತು ಎರಡೇ ತಿಂಗಳಿಗೆ ಬೇಜಾರಾಗಿ ರಾಜಾಜಿನಗರದ ಇನ್‌ಸ್ಟಿಟ್ಯೂಟ್ ಒಂದಕ್ಕೆ ಸೇರಿ, ಮೀಸೆ ಮೂಡದ ಹುಡುಗರ ಪಕ್ಕ ಕೂತು ನೆಟ್‌ವರ್ಕಿಂಗ್ ಕಲಿತರು. ಇಲಾಖೆ ಬಿಟ್ಟರೂ ಖಾಕಿ ಅಂಗಿ ಬಿಟ್ಟಿರಲಿಲ್ಲ. ಮೊಪೆಡ್ಡಿನ ಚೀಲದಲ್ಲಿ ಒಂದು ಉದ್ದನೆಯ ನೋಟ್‌ಬುಕ್. ಹದಿನೆಂಟು ಆಫೀಸುಗಳ ರೂಟರುಗಳ ಸೆಟ್ಟಿಂಗು, ಪಾಸ್‌ವರ್ಡು ಎಲ್ಲವೂ ಅದರಲ್ಲಿ ಕನ್ನಡದಲ್ಲೇ, ದುಂಡು ಅಕ್ಷರದಲ್ಲಿ.

ನಮ್ಮ ರೂಟರಿನ ಪಾಸ್‌ವರ್ಡನ್ನು ನಾನು ಎರಡು ಸಲ ಕೇಳಿದ್ದೆ. “ನಿಮಗ್ಯಾಕಮ್ಮ ಆ ತಲೆನೋವು? ಒಂದು ಫೋನ್ ಹಾಕಿ, ಬರ್ತೀನಿ,” ಎಂದು ಎರಡು ಸಲವೂ ನಕ್ಕುಬಿಟ್ಟಿದ್ದರು. ಹಾಗೆಯೇ ಬರುತ್ತಿದ್ದರು ಕೂಡ. ಎಷ್ಟೋ ಸಲ ನಾನು ಕರೆಯುವ ಮುಂಚೆಯೇ, ಬೆಳಗ್ಗೆ ಒಂಬತ್ತಕ್ಕೆ ಅವರದೇ ಫೋನು: “ಚೇತನಮ್ಮ, ನಿಮ್ಮ ಲೈನ್ ಸತ್ತೋಗಿದೆ, ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ.” ಲಗ್ಗೆರೆಯಲ್ಲಿ ಕೂತವರಿಗೆ ಇದು ಹೇಗೆ ಗೊತ್ತಾಗುತ್ತದೆ ಎಂದು ನಾನು ಯೋಚಿಸಲೇ ಇಲ್ಲ. ದಡ್ಡತನಕ್ಕೆ ಬೇರೆ ಹೆಸರಿಲ್ಲ.

ಒಂದು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಪುಣೆಯಿಂದ ಮೇಲ್ ಬಂತು. ನಿಮ್ಮ ಲೈನನ್ನು ಹೊರಗಿನಿಂದ ಪರೀಕ್ಷೆ ಮಾಡಿದ್ದೇವೆ, ಹೊರಗಿನವರು ನಿಮ್ಮ ಕಂಪ್ಯೂಟರುಗಳಿಗೆ ನುಗ್ಗಬಹುದಾದ ಎರಡು ಬಾಗಿಲು ತೆರೆದಿವೆ, ರೋಗಿಗಳ ಮಾಹಿತಿ ಯಾರ ಕೈಗಾದರೂ ಸಿಗಬಹುದು. ಸಂಜೆ ನಾಲ್ಕಕ್ಕೆ ಮತ್ತೆ ಪರೀಕ್ಷಿಸುತ್ತೇವೆ. ಅಷ್ಟರಲ್ಲಿ ಎರಡನ್ನೂ ಮುಚ್ಚಿ, ಜೊತೆಗಿರುವ ಫಾರಂಗೆ ಸಹಿ ಹಾಕಿ ಕಳಿಸಿ, ಇಲ್ಲವಾದರೆ ನಾಳೆಯಿಂದ ಫೈಲು ಬರುವುದಿಲ್ಲ.

ಫೋನು ಮಾಡಿದ ಅರ್ಧ ಗಂಟೆಯಲ್ಲಿ ದೊಡ್ಡಹನುಮಯ್ಯನವರು ಮೆಟ್ಟಿಲು ಹತ್ತಿ ಬಂದರು. ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಇನ್ನೂ ಮಾಸದ ರೂಟರನ್ನು ಒಮ್ಮೆ ನೋಡಿ, ಕಂಪ್ಯೂಟರಿನ ಮುಂದೆ ಕೂತು, ನೋಟ್‌ಬುಕ್ ತೆಗೆದರು. “ಗಾಬರಿ ಬೀಳ್ಬೇಡಿ. ಒಳಗಡೆ ಫೈರ್‌ವಾಲ್ ಅಂತ ಒಬ್ಬ ಕಾವಲುಗಾರ ಇದಾನೆ. ಯಾರನ್ನ ಬಿಡ್ಬೇಕು, ಯಾರನ್ನ ಬಿಡ್ಬಾರ್ದು ಅಂತ ಅವನಿಗೆ ಬರ್ಕೊಟ್ಟಿರೋ ಪಟ್ಟಿ ಸರಿ ಮಾಡಿದ್ರೆ ಆಯ್ತು,” ಎಂದರು.

ಮೊದಲನೆಯ ಬಾಗಿಲು ತಕ್ಷಣ ಗೊತ್ತಾಯಿತು. ನಮ್ಮ ಶಾಂತವ್ವ ಬಾಣಂತನದಲ್ಲಿ ಉಲ್ಲಾಳದ ಮನೆಯಿಂದಲೇ ಕೆಲಸ ಮಾಡಲಿ ಎಂದು ತೆರೆಸಿದ್ದು. ಅವಳು ಆಫೀಸಿಗೆ ವಾಪಸ್ ಬಂದು ನಾಲ್ಕು ತಿಂಗಳಾಗಿದ್ದರೂ ಮುಚ್ಚುವುದು ಮರೆತುಹೋಗಿತ್ತು. ಅದನ್ನು ಅಳಿಸಿದರು. ಪುಣೆಯವರು ಪ್ರತಿ ಬಾಗಿಲಿಗೂ ಒಂದು ಸಂಖ್ಯೆ ಬರೆದಿದ್ದರು. ಎರಡನೆಯದರ ಸಂಖ್ಯೆಯನ್ನು ನಾನು ಓದಿದೆ: ಎಂಟು ಸಾವಿರದ ಎಂಬತ್ತು. ಅವರ ಕೈ ಮೌಸಿನ ಮೇಲೆ ಹಾಗೇ ನಿಂತಿತು.

“ಅದನ್ನ ಕಡೇಲಿ ನೋಡೋಣ,” ಎಂದರು.

ಪಟ್ಟಿಯನ್ನು ಹೊಸದಾಗಿ ಬರೆಯತೊಡಗಿದರು. ಮೊದಲು ಎಲ್ಲ ಮುಚ್ಚಬೇಕು, ಆಮೇಲೆ ಬೇಕಾದ್ದನ್ನು ಮಾತ್ರ ತೆರೆಯಬೇಕು ಎನ್ನುವುದು ಅವರ ಪದ್ಧತಿ. ಸೇವ್ ಒತ್ತಿದರು. ರೂಟರಿನ ದೀಪಗಳೆಲ್ಲ ಆರಿ ಒಂದೊಂದಾಗಿ ಹತ್ತಿದವು. ಎರಡು ಗಂಟೆಗೆ ಶಾಂತವ್ವ ಹೆಡ್‌ಫೋನ್ ತೆಗೆದು ನನ್ನತ್ತ ತಿರುಗಿದಳು.

“ಮೇಡಂ, ಫೈಲ್ ಬರವಲ್ವು ರೀ.”

ಒಬ್ಬೊಬ್ಬರೇ ಹುಡುಗಿಯರು ಕೈ ಕಟ್ಟಿ ಕೂತರು. ಕಳ್ಳರನ್ನು ತಡೆಯಲು ಹೋಗಿ ಪುಣೆಯವರನ್ನೇ ಹೊರಗೆ ನಿಲ್ಲಿಸಿದ್ದೆವು. ದೊಡ್ಡಹನುಮಯ್ಯನವರು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಮೂರು ಸಲ ಓದಿದರು, ನೋಟ್‌ಬುಕ್ಕಿನ ಪುಟಗಳನ್ನು ಹಿಂದೆ ಮುಂದೆ ತಿರುವಿದರು. ಹಣೆಯಲ್ಲಿ ಬೆವರು. ಕೊನೆಗೆ ಎರಡೂವರೆಗೆ ತಪ್ಪು ಸಿಕ್ಕಿತು. ರೂಟರು ಪಟ್ಟಿಯನ್ನು ಮೇಲಿಂದ ಓದಿಕೊಂಡು ಬರುತ್ತದೆ, ಮೊದಲು ಹೊಂದಿದ ಸಾಲನ್ನೇ ಪಾಲಿಸುತ್ತದೆ. ‘ಎಲ್ಲರನ್ನೂ ತಡೆ’ ಎನ್ನುವ ಸಾಲು ಮೇಲೆ, ‘ಪುಣೆಯವರನ್ನು ಬಿಡು’ ಎನ್ನುವುದು ಕೆಳಗೆ ಕೂತಿತ್ತು. ಮೇಲಿನದನ್ನು ಕೆಳಗಿಳಿಸಿದ ಮೇಲೆ ಫೈಲುಗಳು ಬರತೊಡಗಿದವು.

ಉಳಿದದ್ದು ಎರಡನೆಯ ಬಾಗಿಲು. ಗಂಟೆ ಮೂರಾಗಿತ್ತು.

“ಇದನ್ನ ತೆಗೆದಿದ್ದು ಯಾರು ಯಜಮಾನ್ರೇ?”

ಅವರು ನೋಟ್‌ಬುಕ್ ಮುಚ್ಚಿದರು. “ನಾನೇ.”

“ನೀವಾ? ಯಾಕೆ?”

“ಎಕ್ಸ್‌ಚೇಂಜಲ್ಲಿ ದಿನಾ ಬೆಳಗ್ಗೆ ಎಲ್ಲಾ ಲೈನೂ ಟೆಸ್ಟ್ ಮಾಡ್ತಿದ್ವಿ ಚೇತನಮ್ಮ. ಯಾವ ಲೈನ್ ಸತ್ತಿದೆ ಅಂತ ಜನಕ್ಕಿಂತ ಮುಂಚೆ ನಮಗ್ ಗೊತ್ತಾಗ್ಬೇಕು. ಆ ಅಭ್ಯಾಸ ಹೋಗ್ಲಿಲ್ಲ. ಲಗ್ಗೆರೆ ಸೈಬರ್ ಸೆಂಟರಲ್ಲಿ ಕೂತು ಹದಿನೆಂಟು ರೂಟರಿಗೂ ಹೋಗಿ ನೋಡ್ಕೊಂಡು ಬರ್ತೀನಿ. ಅದಕ್ಕೆ ಆ ಬಾಗ್ಲು.”

ನನಗೆ ರೇಗಿ ಹೋಯಿತು. “ಸೈಬರ್ ಸೆಂಟರಲ್ಲಿ ಕೂತು ನಮ್ಮ ಪಾಸ್‌ವರ್ಡ್ ಹೊಡೀತೀರಾ? ನಿಮ್ಮನ್ನ ನಂಬಿ ಹತ್ತು ಜನರ ಅನ್ನ ಇಟ್ಟಿದೀನಿ ಇಲ್ಲಿ! ಬಾಗಿಲು ಕಾಯಿರಿ ಅಂತ ಕರೆದ್ರೆ ನೀವೇ ಹಿತ್ತಲ ಬಾಗಿಲು ತೆಗೆದಿಟ್ಟಿದೀರಲ್ಲ!” ಇನ್ನೂ ಏನೇನೋ ಅಂದೆ. ಹುಡುಗಿಯರು ತಲೆ ತಗ್ಗಿಸಿದರು. ದೊಡ್ಡಹನುಮಯ್ಯನವರು ಪರದೆಯ ಕಡೆ ತಿರುಗಿ ಆ ಸಾಲಿನ ಮೇಲೆ ಒತ್ತಿ, ಅಳಿಸಿ, ಸೇವ್ ಮಾಡಿದರು.

ಫಾರಂ ತೆಗೆದುಕೊಂಡು ಒಂದೊಂದೇ ಸಾಲು ಜೋರಾಗಿ ಓದಿ ಟಿಕ್ ಹಾಕಿದೆ. ಕೊನೆಯ ಸಾಲಿಗೆ ಬಂದು ನಿಂತೆ. ಸಂಸ್ಥೆಯ ಹೊರಗಿನ ಯಾರ ಬಳಿಯೂ ರೂಟರಿನ ಪಾಸ್‌ವರ್ಡ್ ಇರತಕ್ಕದ್ದಲ್ಲ ಎಂದಿತ್ತು. ಆಗಷ್ಟೇ ಅವರ ಮಾನ ಕಳೆದಿದ್ದ ನನಗೆ ಅದನ್ನು ಓದಲು ಬಾಯಿ ಬರಲಿಲ್ಲ. “ಮುಗೀತು,” ಎಂದು ಪೆನ್ನು ಎತ್ತಿದೆ. ಅವರ ಬೆರಳು ಬಂದು ಆ ಸಾಲಿನ ಮೇಲೆ ಕೂತಿತು.

“ಇದೊಂದು ಓದ್ಲಿಲ್ವಲ್ಲ.”

“ಅದು ಸುಮ್ನೆ ಫಾರ್ಮಾಲಿಟಿ. ಸೈನ್ ಹಾಕ್ಬಿಡ್ತೀನಿ. ಪುಣೇಲಿ ಕೂತವರಿಗೆ ಏನ್ ಗೊತ್ತಾಗುತ್ತೆ?”

“ಸುಳ್ಳಿಗೆ ಸೈನ್ ಹಾಕ್ಬೇಡಿ. ಹೊರಗಿನವನು ಅಂದ್ರೆ ನಾನೇ ತಾನೇ?”

ಅವರು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು. ಪರದೆಯ ಮೇಲೆ ಯಾವ ಪುಟ, ಯಾವ ಸಾಲು ಎಂದು ತೋರಿಸಿದರು. “ಹೊಸ ಪಾಸ್‌ವರ್ಡ್ ಹಾಕಿ. ಎರಡು ಸಲ ಕೇಳುತ್ತೆ, ಎರಡು ಸಲಾನೂ ಒಂದೇ ಇರ್ಬೇಕು,” ಎಂದು ಹೇಳಿ, ಮಂಡಿ ನೋವಿನ ಕಾಲನ್ನು ಎಳೆದುಕೊಂಡು ಹೋಗಿ, ಕ್ಯಾಲೆಂಡರ್ ತೂಗುಹಾಕಿದ್ದ ಗೋಡೆಗೆ ಮುಖ ಮಾಡಿ ನಿಂತರು.

“ಪರದೇಲಿ ಚುಕ್ಕಿ ಅಷ್ಟೇ ಕಾಣೋದು ಯಜಮಾನ್ರೇ, ತಿರುಗಿ ನಿಲ್ಲೋದೇನೂ ಬೇಡ,” ಎಂದೆ.

“ಬೆರಳು ಕಾಣುತ್ತಮ್ಮ. ನೀವು ಹೊಡೀರಿ.”

ಹೊಡೆದೆ. ಎರಡನೆಯ ಸಲ ತಪ್ಪಿತು, ಮತ್ತೆ ಮೊದಲಿಂದ ಹೊಡೆದೆ. ಅಷ್ಟು ಹೊತ್ತೂ ಅವರು ಕದಲಲಿಲ್ಲ. ಆ ಖಾಕಿ ಅಂಗಿಯ ಬೆನ್ನು ನೋಡಿ ನನಗೆ ಅಳು ಬಂತು, ನಾಚಿಕೆಯೂ ಆಯಿತು. “ಆಯ್ತಾ?” ಎಂದು ಗೋಡೆಯನ್ನೇ ಕೇಳಿದರು. “ಆಯ್ತು,” ಎಂದೆ. ಸಹಿ ಹಾಕಿ ಫಾರಂ ಕಳಿಸಿದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು.

ನಾಲ್ಕೂ ಇಪ್ಪತ್ತಕ್ಕೆ ಉತ್ತರ ಬಂತು. ಎಲ್ಲ ಸರಿಯಾಗಿದೆ, ಕೆಲಸ ಮುಂದುವರಿಯುತ್ತದೆ. ಹುಡುಗಿಯರು ಚಪ್ಪಾಳೆ ಹೊಡೆದರು. ದೊಡ್ಡಹನುಮಯ್ಯನವರು ನೋಟ್‌ಬುಕ್ಕಿನಲ್ಲಿ ನಮ್ಮ ಪುಟ ತೆಗೆದು, ಹಳೆಯ ಪಾಸ್‌ವರ್ಡಿನ ಮೇಲೆ ಅಡ್ಡಗೆರೆ ಎಳೆದು, ತಾರೀಖು ಬರೆದರು. ಉಳಿದ ಹದಿನೇಳು ಬಾಗಿಲನ್ನೂ ಮುಚ್ಚಿ ಬರಬೇಕು ಎಂದು ಕಾಫಿಗೂ ನಿಲ್ಲದೆ ಹೊರಟರು. ತಪ್ಪಾಯಿತು ಎನ್ನಬೇಕೆಂದು ನಾನು ಮೆಟ್ಟಿಲವರೆಗೆ ಹೋದೆ, ಆದರೆ “ಹುಷಾರಾಗಿ ಇಳೀರಿ,” ಎಂದಷ್ಟೇ ಹೇಳಿ ವಾಪಸ್ ಬಂದೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಫೋನು ಬಡಿಯಿತು.

“ಚೇತನಮ್ಮ, ನಾನು ದೊಡ್ಡಹನುಮಯ್ಯ. ಈಗ ಇಲ್ಲಿಂದ ನಂಗೆ ಏನೂ ಕಾಣಲ್ಲ ನೋಡಿ. ಲೈನ್ ಇದೆಯಾ?”

“ಇದೆ ಯಜಮಾನ್ರೇ.”

“ಸರಿ, ಇಡ್ತೀನಿ. ಇನ್ನೂ ಹದಿನೇಳು ಆಫೀಸಿಗೆ ಫೋನ್ ಮಾಡ್ಬೇಕು.”

ಮೂರು ವರ್ಷ, ಭಾನುವಾರ ಒಂದು ಬಿಟ್ಟು, ಪ್ರತಿದಿನ ಒಂಬತ್ತಕ್ಕೆ ಆ ಫೋನು ಬಂತು. ಅವರಿಗೆ ಸುಳ್ಳು ಹೇಳಬಾರದೆಂದು ನಾನು ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ರೂಟರಿನ ಹಸಿರು ದೀಪ ನೋಡಿಕೊಂಡು ಬಂದು ಫೋನಿನ ಪಕ್ಕ ಕೂರುತ್ತಿದ್ದೆ.