ಗಟ್ಟಿಮೇಳದ ನಡುವೆ ಒಂದು ಸೀನು

ಸೀನು ಒಂದೋ, ಎರಡೋ?

ಮೂರು ತಿಂಗಳಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕುಳಿತಿದೆ. ನಗಬೇಡಿ. ಒಬ್ಬ ಮನುಷ್ಯನ ಅನ್ನ ಅದರ ಮೇಲೆ ನಿಂತಿತ್ತು. ಸೀನಿದ ಜಾಗದಿಂದ ನಾಲ್ಕು ಮೊಳ ದೂರದಲ್ಲಿ ನಾನೇ ಕುಳಿತಿದ್ದೆ. ನನ್ನ ಎರಡು ಕಿವಿಯೂ ನೆಟ್ಟಗಿವೆ. ಆದರೂ ಪ್ರಮಾಣ ಮಾಡಿ ಹೇಳು ಎಂದರೆ ನನ್ನಿಂದಾಗದು. ಕೆಲವು ದಿನ ಒಂದು ಸೀನು ನೆನಪಾಗುತ್ತದೆ, ಕೆಲವು ದಿನ ಎರಡು. ಮೊನ್ನೆಯಂತೂ ಸೀನಿದವನು ನಾನೇ ಇರಬಹುದೇ ಎಂಬ ಅನುಮಾನವೂ ಬಂತು. (ಆ ವಾರ ನನಗೆ ನೆಗಡಿಯಾಗಿದ್ದದ್ದು ನಿಜ.)

ಮದ್ರಾಸಿನಲ್ಲಿ ಲಾಜಿಕ್ ಓದಿ ಬಂದವನ ಗತಿ ಇದು. ಯಾವುದನ್ನೂ ನಂಬಬೇಡ ಎಂದು ಕಲಿಸಿದರು. ನಾನು ನನ್ನನ್ನೇ ನಂಬದ ಹಂತಕ್ಕೆ ಬಂದಿದ್ದೇನೆ.

ಆದದ್ದು ಇಷ್ಟು. ಪಾಲಕೋಡಿನಲ್ಲಿ ನನ್ನ ಅಕ್ಕನ ದೊಡ್ಡ ಮಗಳ ಮದುವೆ. ನಾನು ಸೇಲಂನಿಂದ ರೈಲಿನಲ್ಲಿ ಹೊರಟು, ಮೊರಪ್ಪೂರಿನಲ್ಲಿ ಇಳಿದು, ಅಲ್ಲಿಂದ ಸಣ್ಣ ರೈಲು ಹತ್ತಿ ಹೋದೆ. (ಏರು ಬಂದಾಗ ಅದು ಏದುಸಿರು ಬಿಡುವುದನ್ನು ನೋಡಿದರೆ ಇಳಿದು ತಳ್ಳೋಣ ಅನ್ನಿಸುತ್ತದೆ.) ಗಂಡಿನ ಕಡೆಯವರು ಸೇಲಂನ ನೇಕಾರರು. ನಾವೂ ಮಗ್ಗದ ಜನವೇ. ಬೆಳಗಾದರೆ ಲಾಳಿಯ ಸದ್ದು, ಮಲಗುವ ತನಕ ಲಾಳಿಯ ಸದ್ದು. ಮಾತಾಡಬೇಕೆಂದರೆ ಕೂಗಲೇಬೇಕು. ಹಾಗಾಗಿ ಮದುವೆಯ ಓಲಗ ಎಂದರೆ ಹತ್ತು ಮಗ್ಗಗಳನ್ನು ಮೀರಿ ಕೇಳಬೇಕು ಎಂಬುದು ನಮ್ಮವರ ಲೆಕ್ಕ.

ಆ ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತೈದು ವರ್ಷ ಊದಿದವನು ಮಾದಯ್ಯ. ಪೆನ್ನಾಗರದ ಕಡೆಯವನು, ಪಾಲಕೋಡಿನಲ್ಲಿ ನೆಲೆ ನಿಂತವನು. ಅವನ ಗಿಡ್ಡ ನಾಗಸ್ವರ ಕೂಗಿದರೆ ದನಗಳು ಕಟ್ಟು ಕಿತ್ತುಕೊಳ್ಳುತ್ತಿದ್ದವು. ಸೇಲಂನ ನೇಕಾರರ ಬೀದಿಯಲ್ಲಿ ಬೇರೆ ಯಾರ ಓಲಗಕ್ಕೂ ವೀಳ್ಯ ಕೊಡುತ್ತಿರಲಿಲ್ಲ.

ಮದುವೆಯ ಬೆಳಗ್ಗೆ ಅಕ್ಕನ ಮನೆಯ ಜಗಲಿಯ ಮೇಲೆ ಅವನನ್ನು ನೋಡಿದೆ. ತೊಡೆಯ ಮೇಲೆ ಒಂದು ಹೊಸ ನಾಗಸ್ವರ. ಹಳೆಯದಕ್ಕಿಂತ ಒಂದು ಮೊಳವಾದರೂ ಉದ್ದ.

"ಏನು ಮಾದಯ್ಯ, ಇದು ನಾಗಸ್ವರವೋ, ಏತದ ಮರವೋ?" ಎಂದೆ.

"ನಗಿ ಸೋಮಿ, ನಗಿ. ನನ್ ಎಂಡ್ರೂ ಅಂಗೇ ನಕ್ಲು. ಇದನ್ನ ನಿಲ್ಸಾಕೆ ಮನೇಲಿ ಮೂಲೆ ಸಾಲ್ದು, ನೀನು ಆಚೆ ಮಲಿಕ್ಕೋ ಅಂದ್ಲು."

"ಹಳೆಯದಕ್ಕೆ ಏನಾಗಿತ್ತು?"

"ಅದ್ಕೇನಾಗಿರ್ಲಿಲ್ಲ. ಅದ್ರಲ್ಲಿ ಊದುದ್ರೆ ಮೂರು ಊರಿಗೆ ಕೇಳ್ತಿತ್ತು. ನಂಗೇ ಕೇಳ್ತಿರ್ಲಿಲ್ಲ. ಒಂದು ಸೊರ ಬುಟ್ರೆ ಅದು ಎಲ್ಲಿಗೋತದೆ, ಎಲ್ಲಿ ಆರ್ತದೆ ಅಂತ ಕೇಳಾಕೆ ಪುರಸೊತ್ತೆಲ್ಲೈತೆ? ಊದು, ಜೋರಾ ಊದು, ಇನ್ನೂ ಜೋರಾ ಊದು. ಸಾಕಾತು ಸೋಮಿ."

ಅಷ್ಟು ಹೇಳಿ ಒಂದು ಸ್ವರ ಹಿಡಿದ. ತಗ್ಗಿನ ಸ್ವರ. ಅಲುಗಿಸಲಿಲ್ಲ, ಅಲಂಕಾರ ಮಾಡಲಿಲ್ಲ, ಸುಮ್ಮನೆ ಹಿಡಿದುಕೊಂಡು ಕುಳಿತ. ನನ್ನ ಅಂಗೈಯ ಅಡಿಯಲ್ಲಿ ಜಗಲಿಯ ಕಲ್ಲು ಸಣ್ಣಗೆ ಗುಂಯ್ ಎಂದಿತು. (ಅಥವಾ ಎಂದಿತೆಂದು ಈಗ ಅನ್ನಿಸುತ್ತಿದೆ.) ಒಳಗೆ ಸೋರೆಕಾಯಿ ಹೆಚ್ಚುತ್ತಿದ್ದ ಹೆಂಗಸರ ಮಾತು ತಾನಾಗಿ ತಗ್ಗಿತು. ಯಾರೂ ಅವರನ್ನು ಗದರಿಸಿರಲಿಲ್ಲ. ಸಂಗೀತ ನನಗೆ ತಿಳಿಯದು. ಆದರೆ ನಮ್ಮ ಮನೆಯ ಹೆಂಗಸರು ಮಾತು ನಿಲ್ಲಿಸಿದ್ದು ನನಗೆ ಸಾಕಷ್ಟು ಎವಿಡೆನ್ಸ್.

ಈಗ ಮುಹೂರ್ತಕ್ಕೆ ಬನ್ನಿ. ತಾಳಿ ಎತ್ತಿದ ಕ್ಷಣ ಯಾರಾದರೂ ಬೆರಳೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗುತ್ತಾರೆ. ಡೋಲು, ನಾಗಸ್ವರ ಎರಡೂ ಒಮ್ಮೆಲೇ ಮೇಲೆ ಬೀಳುತ್ತವೆ. ಏಕೆ? ಆ ಹೊತ್ತಿನಲ್ಲಿ ಅಪಶಬ್ದ ಯಾರ ಕಿವಿಗೂ ಬೀಳಬಾರದು. ಸೀನು, ಅಳು, ಕೆಟ್ಟ ಮಾತು, ಎಲ್ಲವೂ ಆ ಗದ್ದಲದಲ್ಲಿ ಮುಚ್ಚಿಹೋಗಬೇಕು.

ಅವತ್ತು ಕೂಗಿದವರು ಗಂಡಿನ ದೊಡ್ಡಪ್ಪ ರಂಗಪ್ಪನವರು. ಸೇಲಂನ ಬೀದಿಯಲ್ಲಿ ಯಾವ ಮದುವೆಗೆ ಯಾವ ಓಲಗ ಎಂದು ತೀರ್ಮಾನಿಸುವವರೂ ಅವರೇ. "ಗಟ್ಟಿಮೇಳ!" ಎಂದರು. ಮಾದಯ್ಯ ಅದೇ ತಗ್ಗಿನ ಸ್ವರ ಹಿಡಿದ. ಡೋಲಿನವನಿಗೂ ಮೊದಲೇ ಹೇಳಿಟ್ಟಿದ್ದನೋ ಏನೋ, ಅವನು ಬೆರಳಲ್ಲೇ ಸಣ್ಣಗೆ ಉರುಳಿಸಿದ.

ಎಲ್ಲವೂ ಕೇಳಿಸಿತು. ಬಳೆಗಳು ಕೇಳಿಸಿದವು. ಅಕ್ಷತೆ ಜಮಖಾನೆಯ ಮೇಲೆ ಬಿದ್ದದ್ದು ಕೇಳಿಸಿತು. ಗಂಟು ಹಾಕುವಾಗ ಕೂದಲು ಸಿಕ್ಕಿಕೊಂಡಿತೆಂದು ಕಾಣುತ್ತದೆ, ಮದುಮಗ "ನೋಯ್ತಾ?" ಎಂದು ಕೇಳಿದ್ದು ಕೇಳಿಸಿತು. (ಇದನ್ನು ಆಮೇಲೆ ಹುಡುಗಿಯನ್ನೇ ವಿಚಾರಿಸಿದೆ. ನಾಚಿಕೊಂಡು ಒಳಗೆ ಓಡಿದಳು. ಇದನ್ನು ಉತ್ತರವೆಂದು ಬರೆದುಕೊಳ್ಳಬಹುದೇ?) ನಾನು ಎಷ್ಟೋ ಮದುವೆ ಉಂಡಿದ್ದೇನೆ. ಒಬ್ಬ ಗಂಡು ಒಬ್ಬಳು ಹೆಣ್ಣಿಗೆ ಆಡಿದ ಮೊದಲ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಅದರ ಹಿಂದೆಯೇ ಸೀನು.

ಒಂಟಿ ಸೀನು ಅಪಶಕುನ. ಜೋಡಿ ಸೀನಾದರೆ ದೋಷವಿಲ್ಲ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಇದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಚಪ್ಪರದಲ್ಲಿ ನನ್ನನ್ನು ಬಿಟ್ಟು ಉಳಿದವರಿಗೆಲ್ಲ ಇತ್ತು.

ಧಾರೆ ಮುಗಿದದ್ದೇ ತಡ, ರಂಗಪ್ಪನವರು ಮಾದಯ್ಯನ ಮುಂದೆ ನಿಂತರು. "ಏನಲಾ ಮಾದಾ, ಒಂಟಿ ಸೀನು! ತಾಳಿ ಕಟ್ಟೋ ಒತ್ನಾಗೆ! ಗಟ್ಟಿಮೇಳ ಅಂದ್ರೆ ಜೋಗುಳ ಆಡ್ತೀಯಲಾ?"

ಅಕ್ಕ ಅಡ್ಡ ಬಂದಳು. "ಎಲ್ಲಿ ಅಣ್ಣಾ ಒಂಟಿ? ಎರಡು ಸೀನು. ನಾನೇ ಕೇಳಿವ್ನಿ."

"ನಿಂದು ಎಣ್ಣಿನ ಕಡೆ. ನೀನು ಎರಡಲ್ಲ, ನಾಕು ಅಂತೀಯ. ವಾತ್ಯಾರು ಇಲ್ಲೇ ಅವ್ರೆ, ಓದ್ದೋರು, ಸುಳ್ಳೇಳಾಕಿಲ್ಲ. ಏಳಿ ವಾತ್ಯಾರೇ, ಒಂದಾ ಎರಡಾ?"

ವಾತ್ಯಾರು ಎಂದರೆ ಮೇಷ್ಟ್ರು, ಅಂದರೆ ನಾನು. ಚಪ್ಪರದ ಮುಖಗಳೆಲ್ಲ ನನ್ನ ಕಡೆ ತಿರುಗಿದವು. "ಎರಡು" ಎಂದಿದ್ದರೆ ಮುಗಿಯುತ್ತಿತ್ತು. ಮಾದಯ್ಯನಿಗೆ ಸೇಲಂನ ಬೀದಿ ಉಳಿಯುತ್ತಿತ್ತು. ನಾನು ಏನೆಂದೆ?

"ನಿಶ್ಚಯವಾಗಿ ಹೇಳಲಾರೆ" ಎಂದೆ.

"ಲೇ, ಎರಡು ಅಂದ್ರೆ ನಿನ್ ಗಂಟೇನ್ ಓತಿತ್ತು?" ಅಕ್ಕ ಹಲ್ಲು ಕಚ್ಚಿ ನನ್ನ ಕಿವಿಯಲ್ಲಿ ಹೇಳಿದಳು. (ಇದು ಮಾತ್ರ ಚೆನ್ನಾಗಿ ನೆನಪಿದೆ.)

ಆಗ ಮಾದಯ್ಯನೇ ಬಾಯಿ ಬಿಟ್ಟ. "ಒಂದೇ ಯಜಮಾನ್ರೇ. ನಾನೂ ಕೇಳ್ದೆ. ಯಾಕೆ ಮೇಷ್ಟ್ರ ಗೋಳು ಉಯ್ಕೋತೀರಾ?"

ರಂಗಪ್ಪನವರು ಕೆಟ್ಟವರಲ್ಲ. ತಮ್ಮನ ಮಗನ ಬಾಳಿನ ಬಗ್ಗೆ ಅವರಿಗೆ ಹೆದರಿಕೆ, ಅಷ್ಟೆ. ಸ್ವಲ್ಪ ತಗ್ಗಿ ಹೇಳಿದರು: "ಸರಿ, ಪೋಗಟ್ಟುಂ, ಓಗ್ಲಿ ಬುಡು. ಓಗಿ ಹಳೇ ಗಿಡ್ಡದ್ದು ತಗೊಂಬಾ. ಸಾಯಂಕಾಲ ಎಣ್ಣೊಪ್ಸೋವಾಗ ಅದ್ರಲ್ಲಿ ಊದು. ಆಗಿದ್ದು ಮರ್ತ್ಬುಡಾನ. ಇಲ್ಲಾಂದ್ರೆ ವೈಕಾಸಿ ತಿಂಗ್ಳಾಗೆ ನಮ್ ಬೀದಿ ಮದ್ವೆ ಒಂದಕ್ಕೂ ನೀನು ಬ್ಯಾಡ."

ಮಾದಯ್ಯ ನಾಗಸ್ವರವನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. "ಊದುದ್ರೆ ಇದ್ರಲ್ಲೇ ಊದ್ತೀನಿ. ಅದು ಇನ್ ಬ್ಯಾಡ."

"ಒಂದ್ ಒತ್ತಿಗೂ ಆಗಾಕಿಲ್ವಾ?"

"ಇವತ್ತೊಂದ್ ಒತ್ತು ಅಂತೀರ. ನಾಳೆ ಇನ್ನೊಬ್ರು ಇನ್ನೊಂದ್ ಒತ್ತು ಅಂತಾರೆ. ಇದು ಮೂಲೆ ಸೇರ್ತದೆ. ಬ್ಯಾಡ ಯಜಮಾನ್ರೇ."

ಸಿಟ್ಟಿನಿಂದ ಎದ್ದು ಹೋದ ಎಂದುಕೊಂಡಿರಾ? ಇಲ್ಲ. ಪಂಕ್ತಿಯಲ್ಲಿ ಕುಳಿತು ಊಟ ಮಾಡಿದ. ಪಾಯಸ ಎರಡು ಸಲ ಹಾಕಿಸಿಕೊಂಡ. ಆಮೇಲೆ ಎಲ್ಲರಿಗೂ ಕೈಮುಗಿದು ಹೊರಟ. ಸಾಯಂಕಾಲ ಯಾರೋ ಬೇರೆಯವರು ಬಂದು ಕಿವಿ ಕಿತ್ತುಹೋಗುವ ಹಾಗೆ ಊದಿದರು. ಹುಡುಗಿ ಅತ್ತಳಂತೆ. ನನಗೆ ಕೇಳಿಸಲಿಲ್ಲ.

ಅಂದಿನಿಂದ ಯೋಚಿಸುತ್ತಿದ್ದೇನೆ. ನಾವು ಇಷ್ಟೊಂದು ಸದ್ದು ಮಾಡುವುದು ಸೀನನ್ನು ಮುಚ್ಚುವುದಕ್ಕೇ? ಹೋಟೆಲಿಗೆ ಹೋದರೆ ಗ್ರಾಮಫೋನು. ರಸ್ತೆಗಿಳಿದರೆ ಮೋಟಾರು ಬಸ್ಸಿನ ಹಾರ್ನು. ಮೀಟಿಂಗಿಗೆ ಹೋದರೆ ಮೇಜು ಗುದ್ದುವ ಲೀಡರು. ಸುಮ್ಮನಿದ್ದರೆ ಪಕ್ಕದವನ "ನೋಯ್ತಾ?" ಕೇಳಿಬಿಡುತ್ತದೆ ಎಂಬ ಭಯವೇ ನಮಗೆ? ಕೇಳಿದರೆ ಉತ್ತರ ಕೊಡಬೇಕಾಗುತ್ತದಲ್ಲ!

ವೈಕಾಸಿ ಬಂದು ಹೋಯಿತು. ರಂಗಪ್ಪನವರು ಆಡಿದಂತೆ ನಡೆದರು. ಸೇಲಂನ ನಮ್ಮ ಬೀದಿಯ ಒಂದು ಚಪ್ಪರದಲ್ಲೂ ಮಾದಯ್ಯ ಕುಳಿತುಕೊಳ್ಳಲಿಲ್ಲ. ಬೀದಿಯವರು ಅದಕ್ಕೊಂದು ಕಾರಣವನ್ನೂ ಹುಟ್ಟಿಸಿದರು: "ಪಾವಂ, ಅವ್ನೇನ್ ಮಾಡ್ತಾನೆ? ಹಳೇದನ್ನ ಕೊಟ್ಟೇ ಹೊಸದು ತಂದವ್ನೆ. ಇಲ್ದೇ ಇರೋದನ್ನ ಎಲ್ಲಿಂದ ತರ್ತಾನೆ?" ಅಂದರೆ ಅದು ಛಲವಲ್ಲ, ಬೇರೆ ದಾರಿ ಇರಲಿಲ್ಲ, ಅಷ್ಟೇ.

ನಾನೂ ಅದನ್ನು ನಂಬಿದೆ. ಕೊನೆಕೊನೆಗೆ ಮಾದಯ್ಯನೇ ನನ್ನೆದುರು ಹಾಗೆ ಹೇಳಿದ್ದನೆಂದು ನೆನಪೂ ಆಗತೊಡಗಿತು. ನಂಬುವುದರಲ್ಲಿ ನನಗೆ ಲಾಭವಿತ್ತು. ತರಲು ಹಳೆಯದೇ ಇರದಿದ್ದರೆ, ನನ್ನ "ಹೇಳಲಾರೆ" ಅಷ್ಟು ದೊಡ್ಡ ತಪ್ಪೇನಲ್ಲ, ಅಲ್ಲವೇ? ನೆನಪು ನಮ್ಮ ಪರವಾಗಿಯೇ ಸಾಕ್ಷಿ ನುಡಿಯಲು ಶುರು ಮಾಡಿದಾಗ ಎದ್ದು ಹೊರಡಬೇಕು. ಕಳೆದ ಭಾನುವಾರ ಪಾಲಕೋಡಿಗೆ ಹೊರಟೆ.

ಮಾದಯ್ಯ ಮನೆಯಲ್ಲಿರಲಿಲ್ಲ. ಪೆನ್ನಾಗರದ ಹತ್ತಿರ ಯಾವುದೋ ಸಣ್ಣ ಗುಡಿಯಲ್ಲಿ ಸಾಯಂಕಾಲ ಊದುತ್ತಾನಂತೆ, ಕೇಳಲು ಹತ್ತಿಪ್ಪತ್ತು ಜನ ಸೇರುತ್ತಾರಂತೆ. (ಅದನ್ನು ನಾನು ಕಂಡಿಲ್ಲ. 'ಅಂತೆ'ಯನ್ನು ಹಾಗೇ ಬಿಟ್ಟಿದ್ದೇನೆ.) ಅವನ ಹೆಂಡತಿ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ನಾನು ಕೇಳಬೇಕಾದದ್ದು ಒಂದೇ. ಕೇಳಿದೆ. ಅವಳು ಮೊರ ಕೆಳಗಿಟ್ಟು ಒಳಗಿನ ಗೋಡೆ ತೋರಿಸಿದಳು.

ಗೂಟದಲ್ಲಿ ಗಿಡ್ಡ ನಾಗಸ್ವರ ತೂಗುತ್ತಿತ್ತು.

"ಮದುವೆಯ ದಿನವೂ ಇಲ್ಲೇ ಇತ್ತೇ?" ಎಂದೆ.

"ಇನ್ನೆಲ್ಲಿಗೋತದಣ್ಣಾ? ಅವತ್ತು ಬೆಳಗ್ಗೆ ಎಣ್ಣೆ ಅಚ್ಚಿ, ಬಾಯಿಗೆ ಪೀಪಿ ಕಟ್ಟಿ, ಅಲ್ಲೇ ಬುಟ್ಟೋದ್ರು."

ಅಲ್ಲಿಂದ ಅಕ್ಕನ ಮನೆಗೆ ನಡೆದು ಬಂದೆ, ಗಡಿಯಾರ ಕೈಯಲ್ಲಿ ಹಿಡಿದುಕೊಂಡು. ಆರು ನಿಮಿಷದ ದಾರಿ.